ಹೆಂಡತಿಗಾಗಿ ಕಲಿತ ಹೈ ಇಂಗ್ಲಿಷು

ಇಂಗ್ಲಿಷಿಗೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ. ನಾನು ಅದರ ಹತ್ತಿರ ಹೋದಾಗಲೆಲ್ಲ ಒಂದಲ್ಲ ಒಂದು ಪ್ರಸಂಗ ಆಗಿಯೇ ಆಗುತ್ತದೆ, ಮತ್ತು ನಗುವ ಭಾಗ್ಯ ಯಾವಾಗಲೂ ಬೇರೆಯವರದ್ದು. ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಅನುಭವಿಸಿದವನ ಹೊಟ್ಟೆಯಲ್ಲಿ ಆಗುವುದು ಬೇರೆ.

ಎಂಬತ್ತರ ದಶಕದಲ್ಲಿ ನಾನು ಜಿದ್ದಾದಲ್ಲಿದ್ದೆ. ಕಟ್ಟಡಗಳ ಏಸಿ, ನೀರು, ಲೈಟು ನೋಡಿಕೊಳ್ಳುವ ಒಂದು ಕಂಪೆನಿಯ ಸ್ಟೋರಿನಲ್ಲಿ ಗುಮಾಸ್ತ. ಅಜೀಜಿಯಾ ಬಡಾವಣೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಮೂರು ಜನ. ಒಬ್ಬರು ಬಂಟ್ವಾಳದ ಸಾಹೇಬರು, ಅಕೌಂಟ್ಸಿನವರು, ನಮಗಿಂತ ಹಿರಿಯರು. ಇನ್ನೊಬ್ಬ ಕಾರ್ಕಳದ ಎಲೆಕ್ಟ್ರಿಷಿಯನ್, ಮದುವೆಯಾಗದ ಪ್ರಾಣಿ. ಮೂರನೆಯವನು ನಾನು, ಉಡುಪಿ ಕಡೆಯವನು, ಮದುವೆಯಾಗಿ ಒಂದು ಮಳೆಗಾಲ ಹೆಂಡತಿಯ ಜೊತೆ ಇದ್ದು ವಿಮಾನ ಹತ್ತಿದವನು. ಮಗಳು ಹುಟ್ಟಿದ ಸುದ್ದಿ ನನಗೆ ಟೆಲಿಗ್ರಾಂನಲ್ಲಿ ಬಂತು. ರಜೆಯಲ್ಲಿ ಊರಿಗೆ ಹೋದಾಗ ಅವಳು ನನ್ನನ್ನು ಕಂಡು ಕಿರುಚಿ ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. ಅವಳಿಗೆ ನನ್ನ ಅಭ್ಯಾಸ ಆಗುವಷ್ಟರಲ್ಲಿ ರಜೆ ಮುಗಿದಿತ್ತು.

ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು. ನಮ್ಮ ಕಂಪೆನಿ ಅದಕ್ಕೆ ಪತ್ರ ಕೊಡುವುದು ಸೀನಿಯರ್ ಗ್ರೇಡಿನವರಿಗೆ ಮಾತ್ರ. ಒಂದು ದಿನ ನೋಟೀಸು ಬೋರ್ಡಿನಲ್ಲಿ ಹಾಕಿದರು: ಇನ್ನು ಮುಂದೆ ಸೀನಿಯರ್ ಆಗಬೇಕಾದರೆ ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ವ್ಯಾಕರಣದ್ದು ಒಂದು ಪೇಪರು, ಕಠಿಣ ಶಬ್ದಗಳದ್ದು ಇನ್ನೊಂದು. ಪಾಠ ಹೇಳಲು ಇಂಗ್ಲೆಂಡಿನಿಂದಲೇ ಒಬ್ಬ ಮೇಷ್ಟ್ರನ್ನು ತರಿಸಿದ್ದಾರೆ. ನನಗೂ ನನ್ನ ಹೆಂಡತಿಗೂ ನಡುವೆ ಅರಬ್ಬೀ ಸಮುದ್ರ ಒಂದು ಸಾಲದೆಂದು ಈ ಇಂಗ್ಲಿಷೂ ಬಂದು ಮಲಗಿತು.

೧. ಮೇಷ್ಟ್ರ ಮೊದಲ ಪ್ರಶ್ನೆ

ಪಾಠ ಆಫೀಸು ಬಿಟ್ಟ ಮೇಲೆ, ಕಂಪೆನಿಯ ಮೀಟಿಂಗ್ ಕೋಣೆಯಲ್ಲಿ. ಮೇಷ್ಟ್ರು ಎಳೆ ಪ್ರಾಯದವರು. ಜಿದ್ದಾದ ಬಿಸಿಲಿಗೆ ಬೇಯಿಸಿದ ಸಿಗಡಿಯ ಹಾಗೆ ಕೆಂಪಾಗಿದ್ದರು. ಕಲಿಯುವವನ ಮನಸ್ಸು ತಿಳಿದರೆ ಕಲಿಸುವುದು ಸುಲಭ ಎಂದು ಎಲ್ಲೋ ಓದಿಕೊಂಡು ಬಂದಿರಬೇಕು.

“ಈ ಪ್ರಾಯದಲ್ಲಿ, ದಿನವಿಡೀ ದುಡಿದು, ಮತ್ತೆ ಇಲ್ಲಿ ಬಂದು ಕೂತಿದ್ದೀರಿ. ಇಷ್ಟು ಎತ್ತರದ ಇಂಗ್ಲಿಷ್ ಯಾಕೆ ಬೇಕು ನಿಮಗೆ? ಒಬ್ಬೊಬ್ಬರಾಗಿ ಹೇಳಿ” ಎಂದರು.

ಎದುರಿಗೆ ಕೂತಿದ್ದ ಲಾಹೋರಿನವರು ಎದ್ದು ನಿಂತರು. “ವೈಫ್, ಸರ್.”

ಅವರ ಪಕ್ಕದ ಮಲಬಾರಿ ಎದ್ದ. “ವೈಫ್, ಸರ್. ಟೂ ಚಿಲ್ಡ್ರನ್ ಆಲ್ಸೋ.”

ನಮ್ಮ ಸಾಹೇಬರು ಎದ್ದರು. “ವೈಫ್, ಸರ್. ಉಮ್ರಾ.” ಉಮ್ರಾ ಅಂದರೆ ಮಕ್ಕಾ ಯಾತ್ರೆ. ಅವರು ಮಕ್ಕಾದ ಬಾಗಿಲಲ್ಲೇ ಇಷ್ಟು ವರ್ಷದಿಂದ ಕೂತಿದ್ದರು. ಹೆಂಡತಿಗೆ ಒಮ್ಮೆ ಅದನ್ನು ತೋರಿಸಬೇಕೆಂಬುದು ಬಿಟ್ಟರೆ ಅವರಿಗೆ ಬೇರೆ ಆಸೆ ಇರಲಿಲ್ಲ.

ನಾನೂ ಎದ್ದೆ, ನಾನೂ ಅದನ್ನೇ ಹೇಳಿದೆ. ಹಿಂದಿನ ಬೆಂಚಿನವರೆಗೂ ಅದೇ ಶಬ್ದ ಹೋಯಿತು. ಮೇಷ್ಟ್ರ ಮುಖ ಸಣ್ಣದಾಯಿತು. “ಭಾಷೆಯ ಮೇಲಿನ ಪ್ರೀತಿಯಿಂದ ಬಂದವರು ಒಬ್ಬರೂ ಇಲ್ಲವೇ?” ಎಂದು ಕೇಳಿದರು.

ಮೂಲೆಯಲ್ಲಿ ಕಾರ್ಕಳದ ಎಲೆಕ್ಟ್ರಿಷಿಯನ್ ಕೈ ಎತ್ತಿದ. “ಸರ್, ನನಗೆ ಹೆಂಡತಿ ಇಲ್ಲ.”

ಮೇಷ್ಟ್ರ ಮುಖ ಅರಳಿತು. “ಹಾಗಾದರೆ ನೀವು ಯಾಕೆ ಬಂದಿರಿ?”

“ಪಾಸಾದರೆ ಹೆಣ್ಣು ಕೊಡ್ತೇವೆ ಅಂತ ಹೇಳಿದ್ದಾರೆ ಸರ್.”

೨. ತಳ ಹಿಡಿದ ಸಾರು

ಮೇಷ್ಟ್ರು ಒಂದು ಉಪದೇಶ ಕೊಟ್ಟರು: ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ, ಆಗಲೇ ಅದು ನಾಲಗೆಗೆ ಹತ್ತುವುದು. ಅವರಿಗೇನು, ಅವರ ಮನೆಯಲ್ಲಿ ಅದೇ ಭಾಷೆ. ನಮ್ಮ ಕೋಣೆಯಲ್ಲಿ ಸಾಹೇಬರದ್ದು ಬ್ಯಾರಿ, ಎಲೆಕ್ಟ್ರಿಷಿಯನ್‌ನದ್ದು ತುಳು, ಮೂವರಿಗೂ ಸೇರಿ ಕನ್ನಡ, ಜಗಳಕ್ಕೆ ಹಿಂದಿ. ಆದರೂ ಕಾನೂನು ಮಾಡಿದೆವು. ಕೋಣೆಯ ಒಳಗೆ ಯಾರ ಬಾಯಿಂದ ಇಂಗ್ಲಿಷ್ ಅಲ್ಲದ ಶಬ್ದ ಬರುತ್ತದೋ ಅವನೇ ಆ ದಿನದ ಪಾತ್ರೆ ತೊಳೆಯಬೇಕು.

ಪರಿಣಾಮ ಏನಾಯಿತೆಂದರೆ, ಯಾರೂ ಮಾತಾಡಲಿಲ್ಲ. ಮೊದಲೆಲ್ಲ ಆಫೀಸಿನಿಂದ ಬಂದ ಕೂಡಲೇ ಕಫೀಲನಿಂದ, ಅಂದರೆ ವೀಸಾ ಕೊಟ್ಟ ಧಣಿಯಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆವು. ಈಗ ಮೂರು ಮಂಚಗಳಲ್ಲಿ ಮೂರು ಮೂಕರು. ಬೈಗುಳವೆಲ್ಲ ಒಳಗೇ ಉಳಿದು ನನಗೆ ಹೊಟ್ಟೆಯುರಿ ಸುರುವಾಯಿತು. ಡಾಕ್ಟರು ಖಾರ ಬಿಡಿ ಎಂದರು. ಕಾರಣ ಇಂಗ್ಲಿಷು ಎಂದು ಅವರಿಗೆ ಹೇಳುವುದು ಹೇಗೆ?

ಒಂದು ಶುಕ್ರವಾರ ನನ್ನ ಅಡಿಗೆ ಪಾಳಿ. ಒಲೆಯ ಮೇಲೆ ಕೋಳಿಸಾರು ಇಟ್ಟು ನಾನು ಸ್ನಾನಕ್ಕೆ ಹೋದೆ. ಸಾಹೇಬರು ಅಡಿಗೆಮನೆಯಲ್ಲೇ ಪುಸ್ತಕ ಹಿಡಿದುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಸಾರು ತಳ ಹಿಡಿಯತೊಡಗಿತು. ಸಾಹೇಬರು ನೋಡಿದರು. ನನ್ನನ್ನು ಕೂಗಿ ಹೇಳಬೇಕು. ಆದರೆ ತಳ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳುತ್ತಾರೆ? ಪಾಪ, ಗ್ಯಾಸ್ ಆರಿಸಿದರೆ ಮುಗಿಯಿತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೇಳುವುದು ಹೇಗೆ ಎಂಬ ಚಿಂತೆಯಲ್ಲಿ ಮಾಡುವುದು ಮರೆತುಹೋಗಿತ್ತು. ಕೋಣೆಗೆ ಹೋಗಿ ಡಿಕ್ಷನರಿ ತಂದರು. ಕನ್ನಡಕ ಹುಡುಕಿದರು. ಎಲೆಕ್ಟ್ರಿಷಿಯನ್ ಕೂಡ ಬಂದು ಪುಟ ತಿರುವಲು ಸೇರಿಕೊಂಡ.

ನಾನು ಟವೆಲು ಸುತ್ತಿಕೊಂಡು ಹೊರಗೆ ಬಂದರೆ ಮನೆಯೆಲ್ಲ ಹೊಗೆ. ಹೊಗೆಯ ನಡುವೆ ಇಬ್ಬರು ಡಿಕ್ಷನರಿಯ ಮೇಲೆ ಬಗ್ಗಿದ್ದಾರೆ.

“ಅಯ್ಯೋ, ಸಾರು ತಳ ಹಿಡೀತಲ್ಲ ಮಾರಾಯ್ರೇ!” ಎಂದು ಬೊಬ್ಬೆ ಹೊಡೆದೆ.

ಇಬ್ಬರೂ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಬಾಯಿಂದ ಬಂದದ್ದು ಶುದ್ಧ ಕನ್ನಡ. ಆ ಪಾತ್ರೆಯನ್ನು ನಾನೇ ಉಜ್ಜಿದೆ.

೩. ದಿನಾ ನೋಡುವ ವ್ಯಕ್ತಿ

ಇದು ಸಣ್ಣದು. ಮೇಷ್ಟ್ರು ಪ್ರಬಂಧ ಬರೆಯಲು ಹೇಳಿದರು: ‘ನಾನು ದಿನಾ ನೋಡುವ ಒಬ್ಬ ವ್ಯಕ್ತಿ.’ ನೋಡಿದ್ದನ್ನು ನೋಡಿದ ಹಾಗೆ, ಒಳ್ಳೊಳ್ಳೆ ವಿಶೇಷಣ ಹಾಕಿ ಬರೆಯಬೇಕು.

ಮುಂದಿನ ಪಾಠದ ದಿನ ಪೇಪರುಗಳ ಕಟ್ಟು ಹಿಡಿದು ಬಂದರು, ಮುಖ ಗಂಟಿಕ್ಕಿತ್ತು. “ನಾನು ಕೇಳಿದ್ದು ದಿನಾ ನೋಡುವವರ ಬಗ್ಗೆ. ನೀವೆಲ್ಲ ಹೆಂಡತಿಯ ಬಗ್ಗೆ ಬರೆದಿದ್ದೀರಿ. ಅವರು ಇಲ್ಲಿ ಇಲ್ಲವೇ ಇಲ್ಲವಲ್ಲ!”

ಸಾಹೇಬರು ಎದ್ದು ಮರ್ಯಾದೆಯಿಂದ ಹೇಳಿದರು: “ದಿನಾ ನೋಡ್ತೇವೆ ಸರ್. ಗೋಡೆ ಮೇಲೆ ಉಂಟು.”

ಆ ಸಲ ಹೆಚ್ಚು ಮಾರ್ಕು ಬಂದದ್ದು ಎಲೆಕ್ಟ್ರಿಷಿಯನ್‌ಗೆ. ಅವನು ಮಲಬಾರಿ ಹೋಟೆಲಿನ ಪರೋಟಾ ಹೊಡೆಯುವವನ ಬಗ್ಗೆ ಬರೆದಿದ್ದ.

೪. ಅಂಗಡಿ ಮುದುಕನ ಮೊಣಕಾಲು

ಕಠಿಣ ಶಬ್ದಗಳನ್ನು ಬಾಯಿಪಾಠ ಮಾಡಲು ಸಾಹೇಬರು ಒಂದು ಉಪಾಯ ಕಂಡುಕೊಂಡರು. ಸಂಜೆ ನಮ್ಮ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದು, ಒಂದೊಂದು ಶಬ್ದವನ್ನು ತುಟಿಯಲ್ಲೇ ಹೇಳಿಕೊಂಡು ಬೆರಳ ಗೆಣ್ಣಿನಲ್ಲಿ ಎಣಿಸುವುದು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ತಲೆಗೆ ಬಿಳಿ ಟೊಪ್ಪಿ, ಗಲ್ಲಕ್ಕೆ ನರೆತ ಗಡ್ಡ.

ಬೀದಿಯ ಮೂಲೆಯಲ್ಲಿ ಒಬ್ಬ ಅರಬ್ಬಿ ಮುದುಕನ ಬಕಾಲಾ, ಅಂದರೆ ದಿನಸಿ ಅಂಗಡಿ. ಮುದುಕ ದಿನಾ ಇದನ್ನು ನೋಡಿದ. ಪರದೇಶಿ ಬಡಪಾಯಿಯಾದರೂ ಎಷ್ಟು ದೈವಭಕ್ತ, ಯಾವಾಗ ನೋಡಿದರೂ ದೇವರ ಸ್ಮರಣೆ ಎಂದುಕೊಂಡ. ಸಾಹೇಬರು ಮೊಸರಿಗೆ ಹೋದರೆ ಬೇರೆ ಗಿರಾಕಿಗಳನ್ನು ಬದಿಗೆ ಸರಿಸಿ ಇವರಿಗೆ ಮೊದಲು ಕೊಡುವುದು, ಜೊತೆಗೆ ಮುಷ್ಟಿ ತುಂಬ ಖರ್ಜೂರ. ಎಷ್ಟು ದಿನ ಕಳೆದರೂ ಸಾಹೇಬರಿಗೆ ಈ ಮರ್ಯಾದೆ ಯಾಕೆಂದು ತಿಳಿಯಲಿಲ್ಲ. ತಿಳಿದ ದಿನ ಅವರ ಮುಖ ನೋಡಬೇಕಿತ್ತು.

“ಮಾರಾಯ್ರೇ, ನಾನು ದಿಕ್ರ್ ಮಾಡ್ತಾ ಇದ್ದೇನೆ ಅಂತ ಗ್ರಹಿಸಿದ್ದಾನೆ ಆ ಮನುಷ್ಯ! ಮೊಣಕಾಲು ನೋವು, ನನಗಾಗಿ ಪ್ರಾರ್ಥನೆ ಮಾಡಿ ಅಂತ ಕೈ ಹಿಡಿದು ಹೇಳ್ತಾನೆ. ನಾನು ಹೇಳ್ತಾ ಇದ್ದದ್ದು ಎಂತ? ನಾಟ್‌ವಿತ್‌ಸ್ಟ್ಯಾಂಡಿಂಗ್!”

“ಹಾಗಾದರೆ ಸತ್ಯ ಹೇಳಿಬಿಡಿ” ಎಂದೆ.

“ಹೇಳುವುದು ಹೇಗೆ? ಅವನ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಅಷ್ಟು ಅರಬ್ಬಿಯೂ ಬರುವುದಿಲ್ಲ.”

ಸಾಹೇಬರು ದೇವರಿಗೆ ಹೆದರುವವರು. ಸುಳ್ಳು ಮರ್ಯಾದೆ ತೆಗೆದುಕೊಳ್ಳಬಾರದು, ಪರೀಕ್ಷೆಯನ್ನೂ ಬಿಡುವ ಹಾಗಿಲ್ಲ. ಮರುದಿನದಿಂದ ಒಂದು ದಾರಿ ಹಿಡಿದರು. ಒಂದು ಇಂಗ್ಲಿಷ್ ಶಬ್ದ, ಒಂದು ದೇವರ ನಾಮ. ನಾಟ್‌ವಿತ್‌ಸ್ಟ್ಯಾಂಡಿಂಗ್, ಸುಬ್‌ಹಾನಲ್ಲಾ. ನೆವರ್‌ದಲೆಸ್, ಸುಬ್‌ಹಾನಲ್ಲಾ. ನಡುನಡುವೆ ಮುದುಕನ ಮೊಣಕಾಲಿಗಾಗಿ ಮನಸಾರೆ ಒಂದು ಪ್ರಾರ್ಥನೆ. ಬೀದಿ ಈಗ ಎರಡು ಪಟ್ಟು ನಡೆಯಬೇಕಾಯಿತು, ಸಾಹೇಬರದ್ದೇ ಮೊಣಕಾಲು ಊದಿಕೊಂಡಿತು.

ಮುದುಕ ಮಾತ್ರ ಒಂದು ದಿನ ಗಲ್ಲಾದ ಹಿಂದಿನಿಂದ ದಡದಡ ಎದ್ದು ಬಂದು ಸಾಹೇಬರನ್ನು ತಬ್ಬಿಕೊಂಡ. ನೋವು ಪೂರ್ತಿ ಹೋಗಿದೆಯಂತೆ. ನಮ್ಮ ಕಂಪೆನಿಯ ಆ ಇಂಗ್ಲಿಷ್ ಪಾಠದಿಂದ ಉಪಕಾರವಾದದ್ದು ಅವನೊಬ್ಬನಿಗೇ ಎಂದು ನಾನು ಈಗಲೂ ಹೇಳುತ್ತೇನೆ.

೫. ವಿಷಾದದಿಂದ ತಿಳಿಸುವುದೇನೆಂದರೆ

ಆಗ ಊರಿಗೆ ಫೋನು ಮಾಡುವುದೆಂದರೆ ಮದುವೆ ಮಾಡಿದಷ್ಟು ಕಷ್ಟ. ಪತ್ರದಲ್ಲಿ ಎಲ್ಲ ಬರೆಯಲಾಗದು. ಹಾಗಾಗಿ ಗಲ್ಫಿನವರೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದು. ರಜೆಯಲ್ಲಿ ಹೋಗುವವನ ಪೆಟ್ಟಿಗೆಯಲ್ಲಿ ಅವನ ಬಟ್ಟೆಗಿಂತ ಬೇರೆಯವರ ಧ್ವನಿಯೇ ಜಾಸ್ತಿ ಇರುತ್ತಿತ್ತು. ಊರಲ್ಲಿ ಕ್ಯಾಸೆಟ್ ಬಂತೆಂದರೆ ನೆರೆಕರೆಯವರೆಲ್ಲ ಬಂದು ಚಾವಡಿಯಲ್ಲಿ ಕೂರುತ್ತಾರೆ, ಚಹಾ ಆಗುತ್ತದೆ, ಟೇಪ್ ರೆಕಾರ್ಡರನ್ನು ಮಣೆಯ ಮೇಲೆ ಇಡುತ್ತಾರೆ.

ಮೇಷ್ಟ್ರು ಹೇಳಿದ್ದರು: ನಿಮ್ಮ ಧ್ವನಿಯನ್ನು ರೆಕಾರ್ಡ್ ಮಾಡಿ ನೀವೇ ಕೇಳಿ, ತಪ್ಪು ತಿಳಿಯುತ್ತದೆ. ಆ ವಾರದ ಪಾಠ ಆಫೀಸು ಪತ್ರಗಳದ್ದು. ನೌಕರನನ್ನು ಕೆಲಸದಿಂದ ತೆಗೆಯುವ ಪತ್ರವನ್ನು ನಾನು ಟೇಪಿನೆದುರು ಕೂತು ಮತ್ತೆ ಮತ್ತೆ ಓದಿದೆ. ಧ್ವನಿಯಲ್ಲಿ ಗಟ್ಟಿತನ ಸಾಲದು ಎಂದು ಮೇಷ್ಟ್ರು ಬೈದಿದ್ದರಿಂದ, ಒಂದೊಂದು ಸಲಕ್ಕೂ ಹೆಚ್ಚು ಹೆಚ್ಚು ಗಟ್ಟಿಯಾಗಿ ಓದಿದೆ.

ಎಲೆಕ್ಟ್ರಿಷಿಯನ್ ರಜೆಗೆ ಹೊರಟ. ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, “ಯಲ್ಲಾ, ಯಲ್ಲಾ” ಎಂದು ಡ್ರೈವರನ ಬೊಬ್ಬೆ. ನಾನು ಮೇಜಿನ ಮೇಲಿದ್ದ ಕ್ಯಾಸೆಟ್ಟನ್ನು ಅವನ ಕೈಗೆ ತುರುಕಿದೆ. ಹೆಂಡತಿಗೆಂದು ಮಾತಾಡಿದ್ದು ಮೇಜಿನಲ್ಲೇ ಉಳಿಯಿತು.

ಊರಲ್ಲಿ ನಡೆದದ್ದು ನನಗೆ ಮತ್ತೆ ತಿಳಿಯಿತು. ಚಾವಡಿ ತುಂಬ ಜನ. ಮಣೆಯ ಮೇಲಿನಿಂದ ನನ್ನ ಇಂಗ್ಲಿಷು ಹೊರಟಿತು. ಮೊದಲು ನನ್ನ ಅಮ್ಮನಿಗೆ ಹೆಮ್ಮೆಯೇ ಆಯಿತಂತೆ. “ನೋಡಿ, ಬಿಳಿಯರ ಹಾಗೆಯೇ ಮಾತಾಡ್ತಾನೆ.” ಆದರೆ ಮಗ ನಗುವುದಿಲ್ಲ, ಮಗಳ ಹೆಸರು ಹಿಡಿಯುವುದಿಲ್ಲ, ಬರಬರುತ್ತ ಗದರಿಸುತ್ತಿದ್ದಾನೆ. ಏನೋ ಸರಿ ಇಲ್ಲವೆಂದು ನಿವೃತ್ತ ಪೋಸ್ಟ್ ಮಾಸ್ಟರರನ್ನು ಕರೆಸಿದರು. ಅವರು ಕಿವಿಗೊಟ್ಟು ಕೇಳಿ, ಟೇಪು ನಿಲ್ಲಿಸಿ ನಿಲ್ಲಿಸಿ ಕನ್ನಡ ಮಾಡಿದರು:

“ನಿಮ್ಮ ಸೇವೆ ಇನ್ನು ಮುಂದೆ ನಮಗೆ ಬೇಕಾಗಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ನಿಮ್ಮ ವಶದಲ್ಲಿರುವ ಕೀಲಿಕೈ ಮುಂತಾದುವನ್ನು ಸಂಬಂಧಪಟ್ಟವರಿಗೆ ಒಪ್ಪಿಸಿ, ಕೂಡಲೇ ಸ್ಥಳ ಬಿಟ್ಟು ಹೋಗತಕ್ಕದ್ದು.”

ನನ್ನ ಹೆಂಡತಿ ಎದ್ದು, ಸೊಂಟಕ್ಕೆ ಸಿಕ್ಕಿಸಿದ್ದ ಕಪಾಟಿನ ಕೀಲಿಕೈ ಗೊಂಚಲನ್ನು ತೆಗೆದು ಅತ್ತೆಯ ಕೈಗೆ ಕೊಟ್ಟು, ಮಗಳನ್ನೆತ್ತಿಕೊಂಡು ತವರಿಗೆ ಹೋದಳು.

ಎಲೆಕ್ಟ್ರಿಷಿಯನ್ ವಾಪಸು ಬರುವಾಗ ಅವಳ ಉತ್ತರದ ಕ್ಯಾಸೆಟ್ ತಂದ. ಹಾಕಿ ಕೇಳಿದೆ. “ಕೀಲಿಕೈ ಅತ್ತೆಯವರಿಗೆ ಒಪ್ಪಿಸಿದ್ದೇನೆ” ಎಂಬ ಒಂದೇ ಮಾತು, ಆ ಮೇಲೆ ಏನೂ ಇಲ್ಲ. ಇನ್ನೇನಾದರೂ ಹೇಳಿರಬಹುದೆಂದು ಕೊನೆಯವರೆಗೂ ಕೇಳಿದೆ. ತಿರುಗಿಸಿ ಹಾಕಿ ಆ ಬದಿಯನ್ನೂ ಕೇಳಿದೆ. ಖಾಲಿ ಟೇಪು ಕೂಡ ಬೈಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಮತ್ತೆ ಟೆಲಿಫೋನ್ ಕ್ಯಾಬಿನ್ನಿಗೆ ಓಡಿದೆ. ಅವಳ ತವರೂರಿನ ಸೊಸೈಟಿ ಅಂಗಡಿಗೆ ಫೋನು ಹಚ್ಚಿ, ಅವಳನ್ನು ಕರೆಸಿ, ಪರೀಕ್ಷೆಯ ಮೇಲೆ, ಮಗಳ ಮೇಲೆ ಆಣೆ ಹಾಕಿದೆ. “ನಿಮ್ಮನ್ನು ಇಲ್ಲಿಗೆ ಕರೆಸ್ಲಿಕ್ಕೆ ಕಲಿಯುವ ಇಂಗ್ಲಿಷ್ ಅದು ಮಾರಾಯ್ತಿ” ಎಂದೆ.

“ಕರೆಸುವ ಇಂಗ್ಲಿಷ್ ಹೀಗೆ ಇರ್ತದಾ?” ಎಂದು ಕೇಳಿದಳು. ಅತ್ತಳು, ನಾನೂ ಅತ್ತೆ. ಸೊಸೈಟಿಯಲ್ಲಿ ಅಕ್ಕಿಗೆ ನಿಂತವರೆಲ್ಲ ಕೇಳಿದರು. ಕೊನೆಗೆ ಅವಳು ಮನೆಗೆ ವಾಪಸು ಬಂದಳು.

ಅಮ್ಮ ಕೀಲಿಕೈ ಮಾತ್ರ ವಾಪಸು ಕೊಡಲಿಲ್ಲ. “ಅವನೇ ಇಂಗ್ಲಿಷಿನಲ್ಲಿ ಹೇಳಿದ್ದಾನೆ” ಎಂದರಂತೆ.

೬. ನಮಾಜಿನ ಬಿಡುವು

ಪರೀಕ್ಷೆಯ ದಿನ ಬಂತು. ಮೇಷ್ಟ್ರು ಎಲ್ಲ ಲೆಕ್ಕ ಹಾಕಿದ್ದರು, ಚಳಿಗಾಲದಲ್ಲಿ ಅಸರ್, ಅಂದರೆ ಇಳಿಹೊತ್ತಿನ ನಮಾಜು ಬೇಗ ಬರುತ್ತದೆ ಎಂಬುದೊಂದನ್ನು ಬಿಟ್ಟು. ಶಬ್ದಗಳ ಪೇಪರು ಅರ್ಧ ಆಗುವಾಗ ಬಾಂಗ್ ಕೇಳಿತು. ಕಂಪೆನಿಯ ನಿಯಮ, ಊರಿನ ನಿಯಮ, ಎಲ್ಲ ಕೆಲಸ ನಿಲ್ಲಬೇಕು. ಪೇಪರುಗಳನ್ನು ಮೇಜಿನ ಮೇಲೇ ಮಗುಚಿ ಇಟ್ಟು, ಹಾಲಿಗೆ ಬೀಗ ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿದರು. ಸಾಹೇಬರು ಮತ್ತು ಉಳಿದ ಮುಸ್ಲಿಮರು ನಮಾಜಿಗೆ ಹೋದರು. ನಾವು ಕೆಲವರು ಮೆಟ್ಟಿಲ ಕೆಳಗೆ ನಿಂತೆವು.

ನಿಂತವರು ಸುಮ್ಮನಿರಬೇಕಲ್ಲ. ಎಲೆಕ್ಟ್ರಿಷಿಯನ್ ಊರಿನಿಂದ ಹೆಣ್ಣು ನಿಶ್ಚಯ ಮಾಡಿಕೊಂಡು ಬಂದಿದ್ದ. ಪಾಸಾದರೆ ಮದುವೆ ಎಂದು ಹೆಣ್ಣಿನವರು ಹೇಳಿದ್ದರಿಂದ ಭಾರೀ ಧೈರ್ಯದಲ್ಲಿದ್ದ. ಅವನು ಒಂದೊಂದು ಪ್ರಶ್ನೆಗೂ ಸರಿಯುತ್ತರ ಯಾವುದು ಎಂದು ಹೇಳುತ್ತ ಹೋದ. ಅಷ್ಟು ಖಡಾಖಂಡಿತ ಹೇಳುವವನಿಗೆ ತಿಳಿದೇ ಇರಬೇಕು ಎಂದು ಎಲ್ಲರೂ ನಂಬಿದರು. ನಾನು ಬರೆದದ್ದು ಒಂದೂ ಅವನದ್ದಕ್ಕೆ ಹೊಂದುತ್ತಿರಲಿಲ್ಲ.

ಬೀಗ ತೆರೆದ ಕೂಡಲೇ ಮೆಟ್ಟಿಲ ಕೆಳಗಿನವರೆಲ್ಲ ಓಡಿಹೋಗಿ, ಮೊದಲು ಬರೆದದ್ದನ್ನು ರಬ್ಬರಿನಿಂದ ಅಳಿಸಿ, ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಬರೆದರು. ನಾನೂ ಅಳಿಸಲು ಹೊರಟೆ. ನನ್ನ ರಬ್ಬರನ್ನು ಮುಂದಿನ ಬೆಂಚಿನ ಮಲಬಾರಿ ತೆಗೆದುಕೊಂಡಿದ್ದ. “ಒಂದು ನಿಮಿಷ, ಒಂದು ನಿಮಿಷ” ಎನ್ನುತ್ತ ಗಂಟೆ ಹೊಡೆಯುವವರೆಗೂ ಕೊಡಲಿಲ್ಲ. ನಾನು ಮನಸ್ಸಿನಲ್ಲೇ ಅವನ ಏಳು ತಲೆಮಾರಿಗೂ ಶಾಪ ಹಾಕಿದೆ.

ಫಲಿತಾಂಶ ಬಂತು. ನಮಾಜಿಗೆ ಹೋದ ಸಾಹೇಬರು ಪಾಸು. ಮೆಟ್ಟಿಲ ಕೆಳಗೆ ನಿಂತವರಲ್ಲಿ ಪಾಸಾದದ್ದು ನಾನೊಬ್ಬನೇ. ಒಳ್ಳೆಯ ಮಾರ್ಕು ಬಂದದ್ದಕ್ಕೆ ಮೇಷ್ಟ್ರು ನನ್ನ ಬೆನ್ನು ತಟ್ಟಿ, “ಗುಟ್ಟೇನು?” ಎಂದು ಎಲ್ಲರೆದುರು ಕೇಳಿದರು. ರಬ್ಬರು ಇರಲಿಲ್ಲ ಸರ್ ಎಂದು ಹೇಳಲು ನಾಲಗೆ ಬರಲಿಲ್ಲ.

೭. ಪಾಸಾದವನ ಗತಿ

ಈಗ ಹೇಳುವುದನ್ನು ಕೇಳಿ ನಮ್ಮೂರಲ್ಲಿ ಜನ ಅತಿ ಹೆಚ್ಚು ನಗುತ್ತಾರೆ. ನನಗೆ ಇಂದಿಗೂ ಸಿಟ್ಟು ಬರುವುದೂ ಇದಕ್ಕೇ.

ಪಾಸಾದ ಖುಷಿಯಲ್ಲಿ ನಾನೂ ಸಾಹೇಬರೂ ಫ್ಯಾಮಿಲಿ ವೀಸಾದ ಅರ್ಜಿ ಹಿಡಿದು ಪರ್ಸನೆಲ್ ಮ್ಯಾನೇಜರರ ಹತ್ತಿರ ಹೋದೆವು. ಅವರು ಈಜಿಪ್ಟಿನವರು, ಒಳ್ಳೆಯ ಮನುಷ್ಯ. “ಮಬ್ರೂಕ್, ಮಬ್ರೂಕ್” ಎಂದು ಕೈಕುಲುಕಿ ಚಹಾ ತರಿಸಿದರು. ನನ್ನ ಇಕಾಮಾ ಪುಸ್ತಕ ತೆರೆದರು. ಅಲ್ಲಿ ಇರಲು ಸರಕಾರ ಕೊಡುವ ಪರವಾನಗಿ ಅದು, ಉದ್ಯೋಗ ಏನೆಂದು ಅದರಲ್ಲಿ ಬರೆದಿರುತ್ತದೆ. ಓದಿದರು, ಚಹಾದ ಲೋಟ ಕೆಳಗಿಟ್ಟರು.

“ನೀನು ನಜ್ಜಾರ್” ಎಂದರು.

ನಜ್ಜಾರ್ ಎಂದರೆ ಬಡಗಿ. ಇದು ನನಗೆ ಗೊತ್ತಿಲ್ಲದ್ದಲ್ಲ. ಬೊಂಬಾಯಿಯ ಏಜೆಂಟನ ಹತ್ತಿರ ನಾನು ಹೋದಾಗ ಗುಮಾಸ್ತರ ವೀಸಾ ಮುಗಿದಿತ್ತು, ಬಡಗಿಯದ್ದು ಒಂದು ಉಳಿದಿತ್ತು. ಕಾಗದದಲ್ಲಿ ಏನಿದ್ದರೇನು, ಹೋಗಿ ಮುಟ್ಟಿದರಾಯಿತು ಎಂದ. ಎಲ್ಲರೂ ಹಾಗೆಯೇ ಬಂದವರು. ಸಾಹೇಬರು ಕಾಗದದಲ್ಲಿ ಗಾರೆ ಕೆಲಸದವರು. ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

“ಕಂಪೆನಿಗೆ ನೀನು ಸೀನಿಯರ್. ಸರಕಾರಕ್ಕೆ ನೀನು ಬಡಗಿ. ಬಡಗಿಗೆ ಫ್ಯಾಮಿಲಿ ವೀಸಾ ಇಲ್ಲ. ಹೆದರಬೇಡ, ನಿನ್ನ ಬಿ.ಎ. ಸರ್ಟಿಫಿಕೇಟು ಕೊಡು, ಉದ್ಯೋಗ ಬದಲಾಯಿಸಲು ಅರ್ಜಿ ಹಾಕುವ” ಎಂದರು ಮ್ಯಾನೇಜರರು.

ಹಾಕಿದೆವು. ಸರಕಾರದ ಕಾರ್ಮಿಕ ಕಚೇರಿಯಲ್ಲಿ ಕೂತ ಅಧಿಕಾರಿ ಬುದ್ಧಿವಂತ. ಬಡಗಿ ಎಂದು ಕರೆಸಿದವನನ್ನು ಈಗ ಗುಮಾಸ್ತ ಎನ್ನುತ್ತೀರಿ, ಅಂದರೆ ಯಾವುದೋ ಒಂದು ಸುಳ್ಳು, ನಾನೇ ಬಂದು ಮರಗೆಲಸ ಮಾಡಿಸಿ ನೋಡುತ್ತೇನೆ ಎಂದು ಹೇಳಿ ಕಳಿಸಿದ. ಮ್ಯಾನೇಜರರು ಬೆವರಿ ಮುದ್ದೆಯಾದರು. ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡರು.

“ಕೇಳು, ನೀನು ಬಡಗಿಯಲ್ಲ ಎಂದಾದರೆ ಕಂಪೆನಿ ಮೋಸ ಮಾಡಿದ ಹಾಗೆ. ನಿನ್ನನ್ನು ಊರಿಗೆ ಕಳಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ಒಬ್ಬೊಬ್ಬರ ಇಕಾಮಾ ತೆಗೆದು ನೋಡುತ್ತಾರೆ. ಅಕೌಂಟ್ಸಿನ ನಿನ್ನ ದೋಸ್ತನನ್ನೂ. ಆ ಒಂದು ದಿನ ನೀನು ಬಡಗಿಯಾಗಲೇಬೇಕು.”

ಆ ದಿನ ಕೋಣೆಗೆ ಬಂದು ಮಂಚದ ಮೇಲೆ ಕೂತು ಯೋಚಿಸಿದೆ. ಬಡಗಿಯಾಗಿ ಪಾಸಾದರೆ ಕೆಲಸ ಉಳಿಯುತ್ತದೆ, ಹೆಂಡತಿ ಬರುವುದಿಲ್ಲ. ಫೇಲಾದರೆ ಕೆಲಸ ಹೋಗುತ್ತದೆ, ಆದರೆ ಮನೆಗೆ ಹೋಗಿ ಹೆಂಡತಿಯ ಎದುರು ಕೂತು ಊಟ ಮಾಡಬಹುದು. ಇಷ್ಟು ಕಲಿತು ಪಾಸಾಗಿ ನಾನು ಬೇಡಿದ್ದು ಅದನ್ನೇ ಅಲ್ಲವೇ? ಒಂದು ಹಲಗೆಯನ್ನು ಹಾಳು ಮಾಡಿದರೆ ಸಾಕು, ಸಿಗುತ್ತದೆ. ಸಾಹೇಬರಿಗೆ ಎಲ್ಲ ತಿಳಿದಿತ್ತು.

“ನೀವು ನಿಮ್ಮ ದಾರಿ ನೋಡಿ ಮಾರಾಯ್ರೇ. ನನ್ನ ಬಗ್ಗೆ ಚಿಂತೆ ಬೇಡ” ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮದುವೆಯ ಪ್ರಾಯಕ್ಕೆ ಬಂದ ಮೂವರು ಹೆಣ್ಣುಮಕ್ಕಳ ತಂದೆ ಅವರು. ನನ್ನ ಅರ್ಜಿಯ ಕೆಳಗೆ ಇಟ್ಟಿದ್ದ ತಮ್ಮ ಅರ್ಜಿಯನ್ನು ಅವರು ಆಗಲೇ ಮ್ಯಾನೇಜರರಿಂದ ವಾಪಸು ತಂದಿದ್ದರು. ಅದನ್ನು ನೋಡಿದ ಮೇಲೆ ನನಗೆ ಹಲಗೆ ಹಾಳು ಮಾಡುವ ಧೈರ್ಯ ಬರಲಿಲ್ಲ.

ನಿಜವಾದ ಬಡಗಿಗಳ ಹತ್ತಿರ ನಾಲ್ಕು ದಿನ ಕಲಿಯುವ ಎಂದರೆ, ಅವರನ್ನು ವರ್ಕ್‌ಶಾಪಿನಿಂದಲೇ ಓಡಿಸಿದ್ದರು. ಅವರ ಇಕಾಮಾದಲ್ಲಿ ‘ಅಡಿಗೆಯವರು’ ಎಂದಿತ್ತು. ಅಧಿಕಾರಿ ಅವರನ್ನೂ ಕಂಡುಬಿಟ್ಟಾನೆಂದು ಕಂಪೆನಿಯ ಮೆಸ್ಸಿನಲ್ಲಿ ಈರುಳ್ಳಿ ಹೆಚ್ಚಲು ಕೂರಿಸಿದ್ದರು.

ಅಧಿಕಾರಿ ಬಂದ. ಒಂದು ಸ್ಟೂಲು ಮಾಡು ಎಂದ. ನಾನು ದೇವರ ಮೇಲೆ ಭಾರ ಹಾಕಿ ಗರಗಸ ಹಿಡಿದೆ. ಹಲಗೆ ಒಂದು ಕಡೆ ಹೋದರೆ ಗರಗಸ ಇನ್ನೊಂದು ಕಡೆ. ಸುತ್ತಿಗೆಯ ಪೆಟ್ಟು ಮೊಳೆಗೆ ಬಿದ್ದದ್ದಕ್ಕಿಂತ ಹೆಬ್ಬೆರಳಿಗೆ ಬಿದ್ದದ್ದು ಜಾಸ್ತಿ. ಮ್ಯಾನೇಜರರು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಅಂತೂ ಒಂದು ಸ್ಟೂಲು ಆಯಿತು. ನೆಲದ ಮೇಲೆ ಇಟ್ಟರೆ ಮೂರು ಕಾಲು ನೆಲಕ್ಕೆ, ನಾಲ್ಕನೆಯದ್ದು ಗಾಳಿಯಲ್ಲಿ.

ಅಧಿಕಾರಿ ಅದರ ಮೇಲೆ ಕೂತ. ಆ ಕಡೆ ವಾಲಿದ, ಈ ಕಡೆ ವಾಲಿದ. ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವನು ಜೋರಾಗಿ ನಗತೊಡಗಿದ.

“ವಲ್ಲಾಹಿ, ಇವನು ಬಡಗಿಯೇ! ನನ್ನ ಮನೆಯ ಬಾಗಿಲು ಮಾಡಿದವನ ಕೆಲಸವೂ ಹೀಗೆಯೇ ಇದೆ!” ಎಂದು ಹೇಳಿ, ಉದ್ಯೋಗ ಬದಲಾವಣೆಯ ಅರ್ಜಿಯನ್ನು ತಿರಸ್ಕರಿಸಿ ಸಹಿ ಹಾಕಿದ. ಹೋಗುವಾಗ ನನ್ನ ಭುಜ ತಟ್ಟಿ, ಕೈಯಲ್ಲಿ ಇಷ್ಟು ಒಳ್ಳೆಯ ವಿದ್ಯೆ ಇರುವಾಗ ಗುಮಾಸ್ತನಾಗುವ ಹುಚ್ಚು ಯಾಕೆ ಎಂದು ಬುದ್ಧಿವಾದವನ್ನೂ ಹೇಳಿದ.

ಎಲ್ಲರ ಕೆಲಸ ಉಳಿಯಿತು. ಹೆಂಡತಿ ಮಗಳು ಬರಲಿಲ್ಲ. ನಾನು ಸೌದಿಯಲ್ಲಿದ್ದಷ್ಟು ಕಾಲವೂ ಅವರು ಬರಲಿಲ್ಲ. ಮಗಳು ಓದು ಕಲಿತದ್ದು, ಸೈಕಲ್ಲು ಕಲಿತದ್ದು, ಎಲ್ಲ ನಾನು ಬೇರೆಯವರ ಬಾಯಲ್ಲಿ ಕೇಳಿದ್ದು. ಇದಕ್ಕೆ ಯಾರನ್ನು ಬೈಯಬೇಕೆಂದು ನನಗೆ ಈಗಲೂ ತಿಳಿಯುವುದಿಲ್ಲ, ಆದ್ದರಿಂದ ಎಲ್ಲರನ್ನೂ ಬೈಯುತ್ತೇನೆ.

ಆ ವಾರವೇ ಕಂಪೆನಿಯಲ್ಲಿ ಸರ್ಟಿಫಿಕೇಟು ಕೊಡುವ ಸಮಾರಂಭ. ದಪ್ಪ ಕಾಗದ, ಬಂಗಾರದ ಬಣ್ಣದ ಅಕ್ಷರ, ಅಡ್ವಾನ್ಸ್ಡ್ ಇಂಗ್ಲಿಷಿನಲ್ಲಿ ಪ್ರಥಮ ದರ್ಜೆ. ಇದನ್ನು ಗೋಡೆಗೆ ಹಾಕಿ, ಮೊಮ್ಮಕ್ಕಳಿಗೆ ತೋರಿಸಿ ಎಂದು ಮೇಷ್ಟ್ರು ಹೇಳಿದರು. ಅಲ್ಲಿಯೇ ಇದ್ದ ಪರ್ಸನೆಲ್ ಮ್ಯಾನೇಜರರ ಹತ್ತಿರ, ಇದಕ್ಕೆ ಕಂಪೆನಿಯಿಂದ ಒಂದು ಫ್ರೇಮು ಕೊಡಿಸುತ್ತೀರಾ ಎಂದು ಕೇಳಿದೆ. ನನಗೆ ಸಿಕ್ಕಿದ್ದು ಅದೊಂದೇ ಅಲ್ಲವೇ, ಅದಾದರೂ ನೆಟ್ಟಗೆ ಗೋಡೆಯ ಮೇಲಿರಲಿ ಎಂದು.

ಮ್ಯಾನೇಜರರು ನಿಜವಾಗಿಯೂ ಆಶ್ಚರ್ಯಪಟ್ಟರು.

“ಫ್ರೇಮು ಕೊಡಿಸುವುದು ಯಾಕೆ? ನೀನೇ ಮಾಡಿಕೋ. ಸರಕಾರವೇ ಒಪ್ಪಿದ ಬಡಗಿ ನೀನು!”

ಮಾಡಿಕೊಂಡೆ. ಅದೂ ಓರೆಯಾಗಿ ಬಂತು.